ಸೇತಸಿಂಧಿ ಅಂದ್ರೆ ಯಾರು?

ಹೋದ ವರ್ಷ ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ನಾವೆಲ್ಲ ಇದ್ದಕ್ಕಿದ್ದಂತೆ ದೊಡ್ಡ ಮನುಷ್ಯರಾಗಿಬಿಟ್ಟೆವು.

ಆಗಿದ್ದಿಷ್ಟು. ಯಲಬುರ್ಗಾ ತಾಲ್ಲೂಕಿನ ನಮ್ಮೂರಿನ ಹೊಲವನ್ನು ಗಾಳಿಯಂತ್ರದವರು ಲೀಸಿಗೆ ಕೇಳಿದ್ದರು. ವಕೀಲರು ಹಳೇ ಕಾಗದ ಇದ್ದರೆ ತನ್ನಿ ಅಂದರು. ಕಾಕಾ ಅಜ್ಜನ ಟ್ರಂಕ್ ತೆಗೆದ. ತಳದಲ್ಲಿ ನಾಲ್ಕಾಗಿ ಮಡಚಿದ ಒಂದು ಉರ್ದು ಹಾಳೆ ಇತ್ತು. ನಮ್ಮ ಮನೆಯಲ್ಲಿ ಈಗ ಉರ್ದು ಓದಬಲ್ಲವರು ಯಾರೂ ಇಲ್ಲ. ದೊಡ್ಡಪ್ಪನ ಮಗ, ಅಂದರೆ ನಮ್ಮಣ್ಣ, ಬೆಂಗಳೂರಿನ ತನ್ನ ಆಫೀಸಿನಲ್ಲಿದ್ದ ಹೈದರಾಬಾದಿನ ಗೆಳೆಯನಿಗೆ ತೋರಿಸಿ ಓದಿಸಿದ. ಆಮೇಲೆ ಗ್ರೂಪಿಗೆ ಮೆಸೇಜ್ ಬಂತು: "ಇದು 1352ರ ದಾಖಲೆ! ಮುತ್ತಜ್ಜನ ಹೆಸರಿನ ಜೊತೆ ಸೇಠ್ ಸಿಂಧಿ ಅಂತಿದೆ. ನಾವು ಸಿಂಧ್ ಪ್ರಾಂತ್ಯದಿಂದ ಬಂದ ವ್ಯಾಪಾರಿಗಳು."

ಸಾಲಾಗಿ ಇಪ್ಪತ್ತು ಜನ ಕೈಮುಗಿದರು. ನಮ್ಮಪ್ಪನ ಅಜ್ಜ 1352ರಲ್ಲಿ ಹೇಗಿದ್ದ ಅಂತ ಮಾತ್ರ ಯಾರೂ ಕೇಳಲಿಲ್ಲ.

ಸಂಜೆ ಹೊತ್ತಿಗೆ ನಿವೃತ್ತ ಮೇಷ್ಟ್ರಾದ ದೊಡ್ಡಪ್ಪ ಬಂದು ತಿದ್ದಿದರು. "ಸಿಂಧಿ ಅಲ್ಲ, ಸಿಂದ. ಯಲಬುರ್ಗಾದ ಹಳೇ ಹೆಸರು ಎರಂಬರಗೆ. ಕಲ್ಯಾಣ ಚಾಲುಕ್ಯರ ಕೈಕೆಳಗೆ ಸಿಂದ ಅರಸರು ಇಲ್ಲಿಂದ ಆಳಿದರು. ನಾವು ಅವರ ಪೈಕಿ." ಸಿಂದರು ಆಳಿದ್ದು ನಿಜ, ಎರಂಬರಗೆಯೂ ನಿಜ. ಹೀಗೆ ಮಧ್ಯಾಹ್ನ ಸೇಠ್ ಆಗಿದ್ದವರು ಸಂಜೆಗೆ ರಾಜರಾದೆವು. ಕೊಪ್ಪಳದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ ಕಾಕಾನಿಗೆ ಎರಡೂ ಕಥೆ ಹಿಡಿಸಿದವು. ಕುಷ್ಟಗಿ ಕಡೆಯ ಗುಲಾಬಿ ಗ್ರಾನೈಟಿನಲ್ಲಿ ಮನೆ ಮುಂದಿನ ಹೆಸರುಗಲ್ಲು ಮಾಡಿಸುವುದು, ಅದರಲ್ಲಿ 'ಸೇಠ್' ಬೇಕೋ 'ಸಿಂದ' ಬೇಕೋ ಅನ್ನುವುದು ಮುಂದಿನ ಚರ್ಚೆ. ಕಾಕಾನ ಮಗಳಿಗೆ ಸಂಬಂಧ ನೋಡುತ್ತಿದ್ದರು. ಹಾಗಾಗಿ ಇದು ಬರೀ ತಮಾಷೆಯ ಮಾತಾಗಿರಲಿಲ್ಲ.

ನನಗೊಂದು ಚಟ ಇದೆ. ಜನ ರಾತ್ರಿ ರೀಲ್ಸ್ ನೋಡಿದ ಹಾಗೆ ನಾನು ನಿಘಂಟು ನೋಡ್ತೀನಿ. ಅರ್ಥ ಹುಡುಕೋದಕ್ಕೇ ಅಂತಲ್ಲ, ಸುಮ್ಮನೆ. ವಿಚಿತ್ರವಾದಷ್ಟೂ ಖುಷಿ. ಬೀchi ಬರೆದ 'ತಿಂಮಿಕ್ಷನರಿ' ಇದೆ, ಕೇರಳದಿಂದ ಬಂದು ಕನ್ನಡದ ಹಾಸ್ಯಗಾರರಾದ ನಾ. ಕಸ್ತೂರಿಯವರ 'ಅನರ್ಥಕೋಶ' ಇದೆ. ಎರಡೂ ಪದಕ್ಕೆ ಸರಿಯಾದ ಅರ್ಥ ಕೊಡಬಾರದು ಅಂತಲೇ ಹುಟ್ಟಿದ ನಿಘಂಟುಗಳು. ಇನ್ನೂ ಹಿಂದಕ್ಕೆ ಹೋದರೆ ನಾಗವರ್ಮನ 'ಅಭಿಧಾನ ವಸ್ತುಕೋಶ', ಲಿಂಗಮಂತ್ರಿಯ 'ಕಬ್ಬಿಗರ ಕೈಪಿಡಿ'. ಇವು ಪದ್ಯದಲ್ಲಿರೋ ನಿಘಂಟುಗಳು. ಅಕಾರಾದಿ ಇಲ್ಲ, ಸರ್ಚ್ ಇಲ್ಲ. ಪೂರ್ತಿ ಬಾಯಿಪಾಠ ಮಾಡಿಕೊಂಡವನ ತಲೆಯೇ ಸರ್ಚ್ ಎಂಜಿನ್ನು.

ಈ ಚಟ ಮನೆತನದ ಕೆಲಸಕ್ಕೆ ಬಂದದ್ದು ಅದೇ ಮೊದಲು.

ಶುರುವಿಗೆ 1352. ಇದು ಇಸವಿ ಅಲ್ಲ, ಫಸಲಿ. ಅಕ್ಬರನ ಕಾಲದಲ್ಲಿ ಕಂದಾಯದ ಲೆಕ್ಕಕ್ಕೆ ಅಂತ ಮಾಡಿಕೊಂಡ ವರ್ಷ. ನಾವು ಬೆಳೆಗೆ 'ಫಸಲು' ಅಂತೀವಲ್ಲ, ಅದೇ ಅರಬ್ಬಿ ಪದ. ಪೈರು ಬಂದಾಗ ಕಂದಾಯ, ಆದ್ದರಿಂದ ಫಸಲಿ. ಹೈದರಾಬಾದ್ ಸಂಸ್ಥಾನದ ಆಡಳಿತ ಕೊನೆಯವರೆಗೂ ಈ ಲೆಕ್ಕದಲ್ಲೇ ನಡೀತು. 590 ಕೂಡಿಸಿದರೆ ನಮ್ಮ ಇಸವಿ. 1352 ಅಂದರೆ 1942-43. ವಿಜಯನಗರದ ಕಾಲಕ್ಕೆ ಹೋಗಿದ್ದ ನಮ್ಮ ಮನೆತನ ಒಂದೇ ಕೂಡೋ ಲೆಕ್ಕದಲ್ಲಿ ಎರಡನೇ ಮಹಾಯುದ್ಧಕ್ಕೆ ವಾಪಸ್ ಬಂತು.

ಆಮೇಲೆ ಆ ಪದ. ಮೊದಲು ಅಲರ್ ತೆಗೆದೆ. ವಿ. ಕೃಷ್ಣ ಅನ್ನುವವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿರುವ ಕನ್ನಡ-ಇಂಗ್ಲಿಷ್ ನಿಘಂಟು ಅದು. 2019ರಲ್ಲಿ ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ಹೊರಬಂತು. ಅಲ್ಲಿಂದ ಕಿಟೆಲ್ಲರ 1894ರ ನಿಘಂಟಿನ ಸ್ಕ್ಯಾನ್ ಪ್ರತಿಗೆ ಹೋದೆ. ನನ್ನ ಹತ್ತಿರ ಇದ್ದದ್ದು ಕೇಳಿಸಿಕೊಂಡ ಕಾಗುಣಿತ. ಸೇಠ್, ಸೇತ, ಸೀತ, ಸಿಂಧಿ, ಸಿಂದಿ. ಯಾವ ಪುಟ ಅಂತ ತೆಗೆಯೋದು? 'ಸಿಂದಿ' ಅಂತ ಹುಡುಕಿದರೆ ಈಚಲ ಮರದ ಹೆಂಡ ಎದುರಿಗೆ ಬಂತು. ಗ್ರೂಪಿಗೆ ಹಾಕಲಿಲ್ಲ.

ಮುಂದಿನ ನಿಲ್ದಾಣ ಶಿಕಾಗೋ. ಅಲ್ಲಿನ ವಿಶ್ವವಿದ್ಯಾಲಯ ದಕ್ಷಿಣ ಏಷ್ಯಾದ ಹಳೇ ನಿಘಂಟುಗಳನ್ನು ಆನ್‌ಲೈನಿನಲ್ಲಿ ಹುಡುಕೋ ಹಾಗೆ ಇಟ್ಟಿದೆ. ಪ್ಲ್ಯಾಟ್ಸ್‌ನ ಉರ್ದು ನಿಘಂಟು, ಸ್ಟೈನ್‌ಗಾಸ್‌ನ ಪಾರಸಿ ನಿಘಂಟು, ಮೋಲ್ಸ್‌ವರ್ತ್‌ನ ಮರಾಠಿ ನಿಘಂಟು, ಬರೋ ಮತ್ತು ಎಮೆನೋ ಮಾಡಿದ ದ್ರಾವಿಡ ಪದಮೂಲಗಳ ನಿಘಂಟು, ಎಲ್ಲ ಒಂದೇ ಕಡೆ. ಜೊತೆಗೆ 1886ರ 'ಹಾಬ್ಸನ್-ಜಾಬ್ಸನ್'. ಬ್ರಿಟಿಷರ ಬಾಯಿಗೆ ಸಿಕ್ಕು ಕೆಟ್ಟ ನಮ್ಮ ಪದಗಳ ನಿಘಂಟದು. ಅದರ ಹೆಸರೇ ಮೊಹರಂ ಮೆರವಣಿಗೆಯ 'ಯಾ ಹಸನ್, ಯಾ ಹುಸೇನ್' ಕೂಗು ಗೋರಾ ಸಿಪಾಯಿಗಳ ಕಿವಿಯಲ್ಲಿ ಆದ ಅವತಾರ. ಅಲಾಯಿ ಕುಣಿ ಸುತ್ತ ಹೆಜ್ಜೆ ಹಾಕಿ ಬೆಳೆದ ನಮ್ಮ ಕೊಪ್ಪಳ ಕಡೆಯ ಹುಡುಗರಿಗೆ ಆ ಹೆಸರು ಕೇಳಿದರೆ ನಗು ಬರುತ್ತೆ.

ಅದರಲ್ಲಿ 'ಸೆಬಂಡಿ' ಅಂತ ಒಂದು ಪದ ಸಿಕ್ಕಿತು. ಕಂದಾಯ ವಸೂಲಿಗೆ, ಕಾವಲಿಗೆ ಇಟ್ಟುಕೊಳ್ಳುತ್ತಿದ್ದ ಖಾಯಂ ಅಲ್ಲದ ಸಿಪಾಯಿಗಳು. ಪಾರಸಿಯ 'ಸಿಹ್‌ಬಂದಿ'ಯಿಂದ ಬಂದದ್ದು. 'ಸಿಹ್' ಅಂದರೆ ಮೂರು. ಓದುತ್ತಾ ಓದುತ್ತಾ ಹೊಳೀತು, ಇದು ನಮ್ಮ 'ಸಿಬ್ಬಂದಿ'! "ಎಲ್ಲ ಸಿಬ್ಬಂದಿ ವರ್ಗದವರ ಗಮನಕ್ಕೆ" ಅಂತ ಎಚ್‌ಆರ್‌ನಿಂದ ಸುತ್ತೋಲೆ ಬಂದಾಗಲೆಲ್ಲ ನಾವು ನೀವು ಬಂದೂಕು ಹಿಡಿದ ಕಂದಾಯದ ಪಡೆ ಆಗಿರ್ತೀವಿ. ಆದರೆ ನನ್ನ ಪದ ಇದಲ್ಲ. ನಮ್ಮ ಹಾಳೆಯಲ್ಲಿ 'ತ' ಇತ್ತು, ಇದರಲ್ಲಿಲ್ಲ.

ಕೊನೆಗೆ ಸಿಕ್ಕಿದ್ದು ಎಚ್.ಎಚ್. ವಿಲ್ಸನ್ ಅನ್ನುವವರ 1855ರ ಪದಕೋಶದಲ್ಲಿ. ಕಲ್ಕತ್ತೆಗೆ ವೈದ್ಯನಾಗಿ ಬಂದು, ಸಂಸ್ಕೃತ ಕಲಿತು, ಆಕ್ಸ್‌ಫರ್ಡಿನಲ್ಲಿ ಮೊದಲ ಬೋಡನ್ ಸಂಸ್ಕೃತ ಪ್ರಾಧ್ಯಾಪಕರಾದವರು. ಈಸ್ಟ್ ಇಂಡಿಯಾ ಕಂಪನಿಗೆ ಒಂದು ತಲೆನೋವಿತ್ತು: ಕೋರ್ಟು ಕಚೇರಿಯ ಕಾಗದಗಳ ತುಂಬ ಇದ್ದ ದೇಶೀ ಪದಗಳು ಲಂಡನ್ನಿನಲ್ಲಿ ಯಾರಿಗೂ ಅರ್ಥವಾಗ್ತಿರಲಿಲ್ಲ. ಅದಕ್ಕೆ ಕಂದಾಯ ಮತ್ತು ನ್ಯಾಯದ ಪದಗಳಿಗೇ ಒಂದು ನಿಘಂಟು. ಪಾರಸಿ, ಮರಾಠಿ, ತೆಲುಗು, ಕನ್ನಡ, ಎಲ್ಲದರ ಪದಗಳೂ ಅದರಲ್ಲಿವೆ. ಖಾಲಿ ಕಾಲಂ ಬಿಟ್ಟ ಪಟ್ಟಿಯನ್ನು ಭಾರತದ ಅಧಿಕಾರಿಗಳಿಗೆ ತುಂಬಲು ಕಳಿಸಿದ್ದರು, ಬಹುಪಾಲು ಖಾಲಿಯಾಗೇ ವಾಪಸ್ ಬಂತು. ಟೀಮಿಗೆ ಶೇರ್ಡ್ ಶೀಟ್ ಕಳಿಸಿದವರಿಗೆ ವಿಲ್ಸನ್ನರ ನೋವು ಗೊತ್ತಾಗುತ್ತೆ.

ಅಲ್ಲಿತ್ತು 'ಶೇತ್-ಸನದಿ'. ಮರಾಠಿಯ 'ಶೇತ' ಅಂದರೆ ಹೊಲ. 'ಸನದು' ಅಂದರೆ ಸರಕಾರ ಬರೆದುಕೊಟ್ಟ ಅಧಿಕಾರಪತ್ರ. ವಕೀಲರು ಇವತ್ತಿಗೂ 'ಸನದು' ತಗೊಂಡೇ ಕೋರ್ಟಿಗೆ ಹೋಗೋದು. ಸಂಬಳದ ಬದಲು ಸನದಿನ ಮೇಲೆ ಹೊಲ ಪಡೆದು ಕಾವಲು, ಪಹರೆ, ಪೊಲೀಸ್ ಕೆಲಸ ಮಾಡುವವನು ಶೇತಸನದಿ. ಧಾರವಾಡ, ಬೆಳಗಾವಿ ಕಡೆ ಈ ಹೆಸರು ಹೀಗೇ ಉಳೀತು. ನಿಜಾಮನ ಸೀಮೆಯಲ್ಲಿ ಅದೇ 'ಸೇತಸಿಂಧಿ' ಆಯ್ತು. ಉರ್ದು ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯೋದಿಲ್ಲ. ಸ, ನ, ದ, ಈ ಅಂತ ಬರೆದಿದ್ದನ್ನು 'ಸನದಿ' ಅಂತಲೂ ಓದಬಹುದು, 'ಸಿಂದಿ' ಅಂತಲೂ ಓದಬಹುದು. ಹೊಲ ಮತ್ತು ಸನದು ಸೇರಿ ಸೇಠ್ ಮತ್ತು ಸಿಂಧಿ ಆಗಿದ್ದು ಈ ದಾರಿಯಲ್ಲೇ ಇರಬೇಕು ಅಂತ ನನ್ನ ಊಹೆ.

ಅಂದರೆ ಮುತ್ತಜ್ಜ ವ್ಯಾಪಾರಿ ಅಲ್ಲ, ಅರಸು ಅಲ್ಲ. ಊರ ಕಾವಲುಗಾರ.

ತಪ್ಪು ಓದಿರಬಹುದು ಅಂತ ಕಾನೂನಿನ ಕಡೆಯಿಂದಲೂ ನೋಡಿದೆ. ಹೈದರಾಬಾದ್ ಇನಾಮುಗಳ ರದ್ದಿಯಾತಿ ಕಾಯ್ದೆ, 1954. ಅದರಲ್ಲಿ ಊರಿನ ಚಾಕರಿಗಾಗಿ ಕೊಟ್ಟ ಇನಾಮುಗಳ ಹೆಸರು ಸಾಲಾಗಿ ಬರುತ್ತೆ: ಸೇತಸಿಂಧಿ, ನೀರಡಿ, ಬಲೂತ. ನೀರಡಿ ಅಂದರೆ ಕೆರೆಯ ನೀರನ್ನು ಗದ್ದೆಗದ್ದೆಗೆ ಹಂಚುವವನು. ಮೈಸೂರು ಸೀಮೆಯಲ್ಲಿ ಅವನೇ ನೀರಗಂಟಿ. ಬಲೂತ ಅಂದರೆ ಬಡಿಗ, ಕಮ್ಮಾರ, ಕುಂಬಾರ ಮೊದಲಾದವರಿಗೆ ಸುಗ್ಗಿಯಲ್ಲಿ ಸಲ್ಲುವ ಕಾಳು. ನಮ್ಮ ಹಳೇ ಪದ ಆಯ, ಅದನ್ನು ಪಡೆಯುವವರು ಆಯಗಾರರು. ಮುಂದೆ ಕರ್ನಾಟಕದಲ್ಲಿ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದು, ವಂಶಪಾರಂಪರ್ಯದ ಈ ಚಾಕರಿಗಳು ಹೋದವು. ಹೊಲಗಳು ಸರಕಾರಕ್ಕೆ ಸೇರಿ, ಹಿಡಿದಿದ್ದವರಿಗೆ ಮರುಮಂಜೂರಾದವು. ನಮ್ಮ ವಕೀಲರು ಕಾಗದ ಕೇಳಿದ್ದು ಇದಕ್ಕೇ. ಗಾಳಿಯಂತ್ರ ನಿಲ್ಲಬೇಕಾದ ಆ ಹೊಲ ಅಜ್ಜ ಕೊಂಡದ್ದಲ್ಲ, ಮುತ್ತಜ್ಜ ರಾತ್ರಿಯೆಲ್ಲ ಎದ್ದಿದ್ದಕ್ಕೆ ಸಿಕ್ಕ ಕೂಲಿ.

ಇದನ್ನು ಗ್ರೂಪಿನಲ್ಲಿ ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಮಾಡಿದೆ, ಅಳಿಸಿದೆ. ಕಾಕಾನ ಮಗಳ ಮುಖ ಕಣ್ಣ ಮುಂದೆ ಬಂತು. ಊರಿಗೇ ಹೋಗಿ ಹೇಳೋಣ ಅಂತ ಹೊರಟೆ.

ಕೊಪ್ಪಳದಲ್ಲಿ ಇಳಿದು, ಮುಂದಿನ ಬಸ್ಸಿಗೆ ಟೈಮಿತ್ತು ಅಂತ ಗ್ರಂಥಾಲಯಕ್ಕೆ ಹೋದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟನ್ನು ಪರದೆಯ ಮೇಲೆ ನೋಡೋದೇ ಬೇರೆ, ಎಂಟು ಸಂಪುಟಗಳನ್ನು ಕಪಾಟಿನಿಂದ ಎತ್ತಿ ತರೋದೇ ಬೇರೆ. ಮೊದಲ ಸಂಪುಟ 1970ರಲ್ಲಿ, ಕೊನೆಯದು 1995ರಲ್ಲಿ. ಜಿ. ವೆಂಕಟಸುಬ್ಬಯ್ಯನವರಂಥವರು ಜೀವಮಾನ ಕೊಟ್ಟ ಕೆಲಸ. ಪ್ರತಿ ಪದಕ್ಕೂ ಶಾಸನದಿಂದ ಹಿಡಿದು ಹೊಸಗನ್ನಡದವರೆಗೆ ಬಳಕೆಯ ಉದಾಹರಣೆ. ಹುಡುಕಿದ ಪದದ ಪಕ್ಕದ ಪದ, ಅದರ ಪಕ್ಕದ ಪದ ಅಂತ ಓದುತ್ತಾ ಎರಡು ಬಸ್ ತಪ್ಪಿಸಿಕೊಂಡೆ.

ಅಲ್ಲಿ ಕೂತಾಗ ಒಂದು ವಿಷಯ ತಲೆಗೆ ಬಂತು. ಸುಮಾರು ಕ್ರಿ.ಶ. 850ರ 'ಕವಿರಾಜಮಾರ್ಗ' ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ನಾಲ್ಕು ಊರುಗಳ ಹೆಸರು ಹೇಳುತ್ತೆ: ಕಿಸುವೊಳಲು ಅಂದರೆ ಪಟ್ಟದಕಲ್ಲು, ಪುಲಿಗೆರೆ ಅಂದರೆ ಲಕ್ಷ್ಮೇಶ್ವರ, ಬೆಳಗಾವಿ ಜಿಲ್ಲೆಯ ಒಕ್ಕುಂದ, ಮತ್ತು ಕೊಪಣ. ಕೊಪಣ ಅಂದರೆ ನಾನು ಕೂತಿದ್ದ ಊರು. ಸಾವಿರ ವರ್ಷದ ಮೇಲೆ ಮಿಷನರಿಗಳು ಕನ್ನಡದ ಅಚ್ಚಿನ ನಿಘಂಟು ಮಾಡಲು ಕೂತಾಗ ಏನಾಯ್ತು ನೋಡಿ. ಬಳ್ಳಾರಿಯ ಲಂಡನ್ ಮಿಷನ್ನಿನ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟು, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದರು. ಇನ್ನೊಂದು ಕಡೆ ಬಾಸೆಲ್ ಮಿಷನ್ ಧಾರವಾಡ, ಹುಬ್ಬಳ್ಳಿ, ಗದಗಿನ ಬೆಟಗೇರಿಯಲ್ಲಿ ನೆಲೆ ಮಾಡಿಕೊಂಡಿತ್ತು. ಆ ಮಿಷನ್ನಿನ ಕಿಟೆಲ್ಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾಯ್ತು. ಪೂರ್ವಕ್ಕೆ ಬಳ್ಳಾರಿ, ಪಶ್ಚಿಮಕ್ಕೆ ಬೆಟಗೇರಿ. ಎರಡೂ ಬ್ರಿಟಿಷರ ಸೀಮೆ. ನಡುವೆ ಕೊಪ್ಪಳ, ಯಲಬುರ್ಗಾ ನಿಜಾಮನ ರಾಜ್ಯದಲ್ಲಿ ಸಾಲಾರ್ ಜಂಗರ ಜಾಗೀರು. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ನೋಡಿದ್ದೀರಲ್ಲ, ಅದೇ ಮನೆತನ. ಅಲ್ಲಿನ ಗಡಿಯಾರ, ಗೊಂಬೆಗಳ ಹಿಂದೆ ನಮ್ಮ ಕಡೆಯ ಹೊಲಗಳ ಕಂದಾಯವೂ ಇದೆ.

1884ರಿಂದ ಹೈದರಾಬಾದಿನ ಆಡಳಿತ ಪಾರಸಿ ಬಿಟ್ಟು ಉರ್ದುವಿಗೆ ಬಂತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದಾಗ ಪಾಠವೂ ಉರ್ದುವಿನಲ್ಲೇ. ವಿಜ್ಞಾನ, ಕಾನೂನಿಗೆ ಬೇಕಾದ ಪದಗಳನ್ನು ಹೊಸದಾಗಿ ಕಟ್ಟಲು ಒಂದು ಅನುವಾದ ವಿಭಾಗವೇ ಇತ್ತು. ಒಂದು ಭಾಷೆಗೆ ಅಷ್ಟು ಕಾಳಜಿ ಮಾಡಿದ ಸರಕಾರದ ಕೆಳಗೆ ನಮ್ಮ ಜನ ಕನ್ನಡವನ್ನು ಮನೆ, ಹೊಲ, ಮಠಗಳಲ್ಲಿ ಇಟ್ಟುಕೊಂಡರು. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಉರ್ದು ಆಡಳಿತದಲ್ಲಿ ನೌಕರಿ ಮಾಡುತ್ತಲೇ ಕನ್ನಡದ ಕವಿಯಾದರು. ಎರಡು ಭಾಷೆಯ ನಡುವೆ ಬದುಕುವುದು ಇಲ್ಲಿಯವರಿಗೆ ಹೊಸದಲ್ಲ. ಒಣಬೇಸಾಯದ ಹೊಲಕ್ಕೆ 'ಖುಷ್ಕಿ', ನೀರಾವರಿಗೆ 'ತರಿ' ಅಂತ ಪಹಣಿ ಓದುವವರಿಗೆ ಅವು ಪಾರಸಿಯ ಒಣ, ಹಸಿ ಅನ್ನುವ ಪದಗಳು ಅಂತ ಯಾಕೆ ಗೊತ್ತಿರಬೇಕು? ಹೊಲದಲ್ಲಿ ನಿಂತಾಗ ಅವರಿಗೆ ಎರಿ ಮತ್ತು ಮಸಾರಿ, ಕಪ್ಪು ಮಣ್ಣು ಮತ್ತು ಕೆಂಪು ಮಣ್ಣು, ಅಷ್ಟೇ.

ನಿಘಂಟು ಒಂದು ಹೇಳಿದರೆ ಊರು ಇನ್ನೊಂದು ಹೇಳುತ್ತೆ. 'ಕಿಟ್ಟ' ಅಂದರೆ ಕಬ್ಬಿಣದ ಮಲ, ತುಕ್ಕು ಅಂತ ಕೋಶಗಳು. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಗೊಂಬೆ ಮಾಡುವ ಚಿತ್ರಗಾರರಿಗೆ ಕಿಟ್ಟ ಅಂದರೆ ಗೋಣಿನಾರಿನ ಪುಡಿ, ಕಟ್ಟಿಗೆ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ ಮೆತ್ತನೆಯ ಹಿಟ್ಟು. ಮರದ ಗೊಂಬೆಗೆ ಚರ್ಮ ಕೊಡೋದೇ ಅದು. ಗಂಗಾವತಿಗೆ ಹೋದರೆ 'ಕ್ಯಾಂಪು'. ನಿಘಂಟಿನಲ್ಲಿ ಶಿಬಿರ, ಅಂದರೆ ನಾಲ್ಕು ದಿನದ ಡೇರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆಗಿ ಕಾಲುವೆಗೆ ನೀರು ಬಂದಾಗ ಆಂಧ್ರದ ರೈತರು ಬಂದು ಗದ್ದೆ ಮಾಡಿ ಕಟ್ಟಿಕೊಂಡ ಊರುಗಳು ಇವತ್ತಿಗೂ ಕ್ಯಾಂಪೇ. ಮೂರು ತಲೆಮಾರು ಆಗಿದೆ, ಗುಡಿ, ಶಾಲೆ, ಅಕ್ಕಿ ಗಿರಣಿ ಎದ್ದಿವೆ, ಡೇರೆ ಮಾತ್ರ ಕಿತ್ತಿಲ್ಲ.

ಊರು ಮುಟ್ಟಿದಾಗ ಸಂಜೆ. ಅಜ್ಜಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಕಾಕಾನೂ ಬಂದಿದ್ದ. ನಾನು ಹಾಳೆ ತೆಗೆದು, ವಿಲ್ಸನ್ನು, ಶೇತ, ಸನದು ಎಲ್ಲ ಹೇಳಿದೆ. ಕಾಕಾ ಏನೂ ಮಾತಾಡಲಿಲ್ಲ. ಅಜ್ಜಿ ಕೇಳಿ ಮುಗಿಸಿ, "ಅದಕ್ಕ ಇಷ್ಟು ಬುಕ್ಕು ಯಾಕ ಓದಿದಿ ತಮ್ಮಾ?" ಅಂದಳು. "ನಮ್ಮ ಮಾವ ಊರು ಕಾಯತಿದ್ದ. ರಾತ್ರಿ ಬಡಿಗಿ ಹಿಡಕೊಂಡು ಓಣಿ ಓಣಿ ತಿರುಗತಿದ್ದ. ಪಟ್ಟಿ ರೊಕ್ಕ ತಾಲೂಕಿಗೆ ಒಯ್ಯೂ ಮುಂದ ಸಂಗಾಟ ಹೋಗತಿದ್ದ. ಸಾಹೇಬರು ಬಂದ್ರ ಅವರ ಗಂಟು ಹೊತಗೊಂಡು ಮುಂದಿನ ಊರಿಗೆ ಮುಟ್ಟಸತಿದ್ದ."

"ಮತ್ತ ಮೊದಲ ಯಾಕ ಹೇಳಲಿಲ್ಲ ನೀ?"

"ನನ್ನ ಯಾರು ಕೇಳಿದ್ರಿ? ಎಲ್ಲಾರೂ ಫೋನಿನಾಗ ಮಾತಾಡಿಕೊಂಡ್ರಿ."

ಕಾಕಾ ಮೆಲ್ಲಗೆ, "ಮಂದಿಗೆ ಹೇಳಾಕ ಆಗೂದಿಲ್ಲಬೇ ಇದು" ಅಂದ. ಅಜ್ಜಿ ಶೇಂಗಾ ಸುಲಿಯೋದು ನಿಲ್ಲಿಸಿದಳು. ರಜಾಕಾರರ ಗದ್ದಲದ ಮಾತು ತೆಗೆದಳು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರುವ ಮೊದಲಿನ ತಿಂಗಳುಗಳು. ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರ ಇದ್ದ ಕಾಲ. ಅಜ್ಜಿ ಆಗಿನ್ನೂ ಈ ಮನೆಗೆ ಸೊಸೆಯಾಗಿ ಬಂದಿರಲಿಲ್ಲ, ಅವಳ ಅತ್ತೆ ಹೇಳುತ್ತಿದ್ದದ್ದು. ನಿಜಾಮ ಸರಕಾರದ ಹೊಲ ಉಂಡವನು ಸರಕಾರದ ಕಡೆಗೇ ನಿಲ್ಲಬೇಕು ಅಂತ ಮೇಲಿನವರು. ಮುತ್ತಜ್ಜ ಮಾತ್ರ ದೂರದಲ್ಲಿ ದೀವಟಿಗೆ ಕಂಡ ರಾತ್ರಿ ಒಂದೊಂದೇ ಬಾಗಿಲು ಬಡಿದು ಹೆಣ್ಣುಮಕ್ಕಳನ್ನು, ಹುಡುಗರನ್ನು ಹೊಲದ ಕಡೆ ಕಳಿಸುತ್ತಿದ್ದನಂತೆ. "ಅವ 'ನಾ ಊರು ಕಾಯಾಂವ' ಅಂತಿದ್ನಂತ. 'ಸರಕಾರ ಕಾಯಾಂವ' ಅಂತ ಎಂದೂ ಅಂದಿಲ್ಲ" ಅಂದಳು ಅಜ್ಜಿ.

ಕಾಕಾ ಎದ್ದು ಹೊರಗೆ ಹೋದ.

ರಾತ್ರಿ ಮಾಳಿಗೆ ಮೇಲೆ ಮಲಗಿ ದ್ರಾವಿಡ ಪದಮೂಲಗಳ ನಿಘಂಟು ತೆಗೆದೆ. 'ಕಾಯ್'. ರಕ್ಷಿಸು, ನೋಡಿಕೊ. ತಮಿಳಿನಲ್ಲಿದೆ, ಮಲಯಾಳದಲ್ಲಿದೆ, ತುಳುವಿನಲ್ಲಿದೆ, ತೆಲುಗಿನಲ್ಲಿದೆ. ಈ ಭಾಷೆಗಳು ಕವಲೊಡೆಯುವ ಮೊದಲಿನ ಪದ. ಆ ಕೆಲಸದ ಸರಕಾರಿ ಹೆಸರುಗಳು ಮಾತ್ರ ಬದಲಾಗುತ್ತಲೇ ಬಂದಿವೆ. ಶೇತಸನದಿ ಮರಾಠರ ಕಾಲದ್ದು, ಸೇತಸಿಂಧಿ ನಿಜಾಮರದ್ದು. 'ತಳವಾರ' ಇನ್ನೂ ಹಳೆಯದು; ನಾಗಾರ್ಜುನಕೊಂಡದ ಇಕ್ಷ್ವಾಕು ಶಾಸನಗಳಲ್ಲಿ, ಅಂದರೆ ಮೂರನೇ ಶತಮಾನದಷ್ಟು ಹಿಂದೆ, 'ಮಹಾತಲವರ' ಅನ್ನೋದು ಅರಸರ ಜೊತೆ ಸಂಬಂಧ ಬೆಳೆಸುವಂಥ ದೊಡ್ಡ ಅಧಿಕಾರಿಯ ಬಿರುದು. ಅದೇ ಪದ ಇಳಿಯುತ್ತಾ ಇಳಿಯುತ್ತಾ ಹಳ್ಳಿಯ ಕಾವಲುಗಾರನ ಹೆಸರಾಯ್ತು. ಬಿರುದು ಏರುತ್ತೆ, ಇಳಿಯುತ್ತೆ. ಅಜ್ಜಿ ಬಳಸಿದ ಪದ ಇದ್ದಲ್ಲೇ ಇದೆ.

ನಿಘಂಟು ನೋಡೋ ಚಟದಿಂದ ನಾನು ಕಲಿತದ್ದು ಒಂದೇ. ಪದ ಗೊತ್ತಿಲ್ಲದಾಗ ನಾವು ನಮಗೆ ಬೇಕಾದ ಅರ್ಥವನ್ನೇ ಅದರೊಳಗೆ ತುಂಬ್ತೀವಿ. ಅಣ್ಣನಿಗೆ ದುಡ್ಡು ಬೇಕಿತ್ತು, ದೊಡ್ಡಪ್ಪನಿಗೆ ಇತಿಹಾಸ ಬೇಕಿತ್ತು, ಕಾಕಾನಿಗೆ ಮರ್ಯಾದೆ ಬೇಕಿತ್ತು. ಆ ಹಾಳೆಯ ನಾಲ್ಕಕ್ಷರ ಮೂವರಿಗೂ ಬೇಕಾದ್ದನ್ನು ಕೊಟ್ಟಿತು. ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥ ಒಂದು ಹಾಳೆ ಇರಬಹುದು. ತೆಗೆದು ನೋಡಿ, ಶಿಕಾಗೋದವರೆಗೂ ಹುಡುಕಿ. ಆದರೆ ಅದಕ್ಕೂ ಮೊದಲು ಪಡಸಾಲೆಯಲ್ಲಿ ಕೂತವರನ್ನು ಒಂದು ಮಾತು ಕೇಳಿ.

ಕಾಕಾನ ಮನೆಯ ಗೃಹಪ್ರವೇಶ ಆಯ್ತು. ಗುಲಾಬಿ ಗ್ರಾನೈಟಿನ ಹೆಸರುಗಲ್ಲೂ ಬಂತು. ಸೇಠ್ ಇಲ್ಲ, ಸಿಂದ ಇಲ್ಲ, ಸೇತಸಿಂಧಿಯೂ ಇಲ್ಲ. ಮುತ್ತಜ್ಜನ ಹೆಸರು ಮಾತ್ರ ಇದೆ. ಹೆಣ್ಣು ನೋಡಲು ಬಂದವರು ಇದು ಯಾರ ಹೆಸರು ಅಂತ ಕೇಳಿದಾಗ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದನಂತೆ. ಅಷ್ಟರಲ್ಲಿ ಒಳಗಿನಿಂದ ಚಹಾ ತಂದ ಅವನ ಮಗಳೇ ಹೇಳಿದಳಂತೆ, "ನಮ್ಮ ಮುತ್ತಜ್ಜ. ಊರು ಕಾಯತಿದ್ರು."